ಮಗಳಿಗೆ ದಿನಾ ಕಾಲೇಜುಗಳಿಂದ ಪತ್ರ ಬರುತ್ತಿದೆ, ಇದನ್ನು ಎಷ್ಟು ನಂಬಬೇಕು?

ಪ್ಲೇನೋ_ಅಮ್ಮ

ಎಲ್ಲರಿಗೂ ನಮಸ್ಕಾರ. ನಾವಿರುವುದು ಟೆಕ್ಸಸ್‌ನ ಪ್ಲೇನೋದಲ್ಲಿ. ಮಗಳು ಹನ್ನೊಂದನೇ ಕ್ಲಾಸು. ಅಕ್ಟೋಬರ್‌ನಲ್ಲಿ ಪಿಎಸ್‌ಎಟಿ (ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿಯ ಅಭ್ಯಾಸ ಪರೀಕ್ಷೆ) ಬರೆದಳು, 1370 ಬಂತು. ಅದಾದ ಮೇಲೆ ಶುರುವಾಯಿತು ನೋಡಿ, ಈಮೇಲ್ ಮೇಲೆ ಈಮೇಲ್, ಪೋಸ್ಟ್ ಡಬ್ಬಿ ತುಂಬಾ ಬಣ್ಣದ ಪುಸ್ತಕಗಳು. ಹೆಸರೇ ಕೇಳದ ಕಾಲೇಜುಗಳೂ ಇವೆ, ಶಿಕಾಗೋ ಯೂನಿವರ್ಸಿಟಿ ಇದೆ, ಹಾರ್ವರ್ಡ್‌ನಿಂದಲೂ ಒಂದು ಪತ್ರ ಬಂದಿದೆ. ಎಲ್ಲದರಲ್ಲೂ ಅವಳ ಹೆಸರು ಹಿಡಿದೇ ಬರೆದಿದ್ದಾರೆ. ನಿನ್ನಂಥವರು ನಮ್ಮಲ್ಲಿ ಚೆನ್ನಾಗಿ ಬೆಳೆಯುತ್ತಾರೆ ಅಂತ ಒಂದರಲ್ಲಿ, ಅಪ್ಲಿಕೇಶನ್ ಫೀ ಮಾಫಿ ಅಂತ ಇನ್ನೊಂದರಲ್ಲಿ.

ನಾನು ಓದಿದ್ದು ಮೈಸೂರಿನಲ್ಲಿ, ಸಿಇಟಿ ಬರೆದು ಇಂಜಿನಿಯರಿಂಗ್ ಸೇರಿದವಳು. ನಮಗೆ ಕಾಲೇಜಿನಿಂದ ಕಾಗದ ಬಂತು ಅಂದರೆ ಸೀಟು ಸಿಕ್ಕಿತು ಅಂತಲೇ ಲೆಕ್ಕ. ಇಲ್ಲಿಯದು ಅರ್ಥವಾಗುತ್ತಿಲ್ಲ. ಅತ್ತೆಯವರಂತೂ ಮೈಸೂರಿನಲ್ಲಿ ಮೊಮ್ಮಗಳಿಗೆ ಹಾರ್ವರ್ಡ್‌ನಿಂದ ಕರೆ ಬಂದಿದೆ ಅಂತ ನೆಂಟರಿಗೆಲ್ಲಾ ಹೇಳಿಬಿಟ್ಟಿದ್ದಾರೆ. ಮಗಳಿಗೂ ಮನಸ್ಸಿನಲ್ಲಿ ಆಸೆ ಬಂದಿದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಶಾಲೆಯಲ್ಲಿ ಅವಳು ಟಾಪ್ 8%ನಲ್ಲಿದ್ದಾಳೆ. ಕಂಪ್ಯೂಟರ್ ಸೈನ್ಸ್ ಓದಬೇಕು ಅಂತಾಳೆ. ಈ ಪತ್ರಗಳಿಗೂ ಅಡ್ಮಿಶನ್‌ಗೂ ಏನಾದರೂ ಸಂಬಂಧ ಇದೆಯಾ? ಇಲ್ಲ ಅಂದರೆ ಅವಳಿಗೆ ಎಲ್ಲಿ ಸಿಗಬಹುದು ಅಂತ ನಾವು ತಿಳಿದುಕೊಳ್ಳುವುದು ಹೇಗೆ?

ಬೇಏರಿಯಾ_ಅಪ್ಪ

1370 ಒಳ್ಳೆಯ ಸ್ಕೋರೇ, ಮೊದಲು ಮಗಳಿಗೆ ಶಭಾಶ್ ಹೇಳಿ. ಪತ್ರಗಳ ವಿಷಯಕ್ಕೆ ಬಂದರೆ, ಸಂಬಂಧ ಇಲ್ಲ. ನಮ್ಮ ಮನೆಗೂ ರಾಶಿ ರಾಶಿ ಬಂದಿತ್ತು. ಈಗಲೇ ಒಂದು ಕೆಲಸ ಮಾಡಿ, ಕಾಲೇಜು ವಿಷಯಕ್ಕೆ ಅಂತಲೇ ಬೇರೆ ಈಮೇಲ್ ಐಡಿ ಮಾಡಿಕೊಡಿ. ಇಲ್ಲದಿದ್ದರೆ ನಾಳೆ ನಿಜವಾಗಿ ಬೇಕಾದ ಈಮೇಲ್ ಈ ರಾಶಿಯಲ್ಲಿ ಕಳೆದುಹೋಗುತ್ತದೆ.

ಮಲೆನಾಡು_ಟು_ಜೆರ್ಸಿ

ನಾನು ನ್ಯೂಜೆರ್ಸಿಯ ಒಂದು ಪಬ್ಲಿಕ್ ಹೈಸ್ಕೂಲಿನ ಕೌನ್ಸೆಲಿಂಗ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಪ್ರತಿ ಚಳಿಗಾಲವೂ ಈ ಪ್ರಶ್ನೆ ಬರುತ್ತದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಈ ಪತ್ರ ಬರುವುದು ಹೇಗೆ ಅಂತ. ಪಿಎಸ್‌ಎಟಿ, ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್‌ಗೆ ಸ್ಟೂಡೆಂಟ್ ಸರ್ಚ್ ಸರ್ವಿಸ್ ಅಂತ ಒಂದು ವ್ಯವಸ್ಥೆ ಇದೆ. ಮಕ್ಕಳು ಒಪ್ಪಿಗೆ ಕೊಟ್ಟರೆ ಅವರ ಹೆಸರು, ವಿಳಾಸ ಕಾಲೇಜುಗಳಿಗೆ ಹೋಗುತ್ತದೆ. ಕಾಲೇಜಿನವರು ಇಷ್ಟರಿಂದ ಇಷ್ಟು ಸ್ಕೋರಿನವರು ಬೇಕು, ಈ ಜಿಪ್ ಕೋಡಿನವರು ಬೇಕು, ಈ ವಿಷಯದಲ್ಲಿ ಆಸಕ್ತಿ ಇರುವವರು ಬೇಕು ಅಂತ ಹೇಳಿ ದುಡ್ಡು ಕೊಟ್ಟು ಪಟ್ಟಿ ತರಿಸಿಕೊಳ್ಳುತ್ತಾರೆ. 2019ರಲ್ಲಿ ಒಂದು ಹೆಸರಿಗೆ 47 ಸೆಂಟ್ ಇತ್ತು. ಅಂದರೆ ನಿಮ್ಮ ಮಗಳಂಥ ಒಬ್ಬಳ ವಿಳಾಸ ಹಾರ್ವರ್ಡ್‌ಗೆ ಆಗ ಸಿಗುತ್ತಿದ್ದದ್ದು ಅರ್ಧ ಡಾಲರಿಗೆ. ಅಲ್ಲಿ ಯಾರೂ ಕೂತು ಅವಳ ಮಾರ್ಕ್ಸ್ ಕಾರ್ಡ್ ಓದಿಲ್ಲ. ಅವಳು ಏನು ಬರೆಯುತ್ತಾಳೆ, ಶಾಲೆಯಲ್ಲಿ ಏನೇನು ಮಾಡುತ್ತಾಳೆ, ಅವರಿಗೆ ಗೊತ್ತೇ ಇಲ್ಲ.

ಹಾರ್ವರ್ಡ್ ಪತ್ರದ ಬಗ್ಗೆ ನಿಮಗೆ ಒಂದು ಗಟ್ಟಿ ವಿಷಯ ಹೇಳುತ್ತೇನೆ. 2018ರಲ್ಲಿ ಹಾರ್ವರ್ಡ್ ಮೇಲೆ ಅಡ್ಮಿಶನ್‌ನಲ್ಲಿ ಜನಾಂಗ ನೋಡುತ್ತಾರೆ ಅಂತ ಕೇಸ್ ನಡೆಯಿತಲ್ಲ, ಅದೇ 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು. ಆ ವಿಚಾರಣೆಯಲ್ಲಿ ಅವರು ಯಾರಿಗೆ ಪತ್ರ ಕಳಿಸುತ್ತಾರೆ ಅನ್ನುವುದೂ ಹೊರಗೆ ಬಂತು. ಆಗಿನ ಲೆಕ್ಕದಲ್ಲಿ ಏಷ್ಯನ್ ಹುಡುಗಿಯರಿಗೆ ಪಿಎಸ್‌ಎಟಿ ಕನಿಷ್ಠ 1350, ಏಷ್ಯನ್ ಹುಡುಗರಿಗೆ 1380, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳಿಗೆ 1100. ಈಗ ಆ ಲೆಕ್ಕ ಬದಲಾಗಿರಲೇಬೇಕು. ಆದರೆ ವಿಷಯ ಗಮನಿಸಿ. ಪತ್ರ ಹೋಗುತ್ತಿದ್ದದ್ದು 1350ಕ್ಕೆ, ಒಳಗೆ ಸೇರಿದ ಮಕ್ಕಳಲ್ಲಿ ಹೆಚ್ಚಿನವರ ಎಸ್‌ಎಟಿ 1500ರ ಮೇಲೆ. ಎರಡಕ್ಕೂ ಎಷ್ಟು ಅಂತರ ಇದೆ ನೋಡಿ. 2024ರಲ್ಲಿ ಸೇರುವುದಕ್ಕೆ ಹಾರ್ವರ್ಡ್‌ಗೆ 54,008 ಮಂದಿ ಅಪ್ಲೈ ಮಾಡಿದ್ದರು, ಕರೆದಿದ್ದು 1,937 ಮಂದಿಯನ್ನು. ಪತ್ರ ಸಿಕ್ಕಿದವರಲ್ಲಿ ಎಷ್ಟು ಮಕ್ಕಳಿಗೆ ನಿರಾಸೆ ಆಗಿರಬೇಕು ಯೋಚಿಸಿ.

ಹಾಗಾದರೆ ಯಾಕೆ ಕಳಿಸುತ್ತಾರೆ? ಎರಡು ಬೇರೆ ಬೇರೆ ಕಾರಣ, ಎರಡನ್ನೂ ಕಲಸಬಾರದು. ದೊಡ್ಡ ಹೆಸರಿನ ಕಾಲೇಜುಗಳಿಗೆ ತಮ್ಮ ಬಗ್ಗೆ ಯೋಚಿಸಿಯೇ ಇರದ ಹಳ್ಳಿ ಕಡೆಯ ಮಕ್ಕಳು, ಬಡ ಮನೆಯ ಮಕ್ಕಳು ಬೇಕು. ಅದು ನಿಜವಾದ ಉದ್ದೇಶವೇ, ನಾನು ಅಲ್ಲಗಳೆಯುವುದಿಲ್ಲ. ಅದರ ಜೊತೆಗೇ ಅಪ್ಲಿಕೇಶನ್ ಜಾಸ್ತಿ ಬಂದಷ್ಟೂ ಅಡ್ಮಿಶನ್ ಪ್ರಮಾಣ ಕಡಿಮೆ ಕಾಣಿಸುತ್ತದೆ. ಶಿಕಾಗೋ ಯೂನಿವರ್ಸಿಟಿ 2005ರ ಸುಮಾರಿಗೆ ಅಪ್ಲೈ ಮಾಡಿದವರಲ್ಲಿ 40% ಮಕ್ಕಳನ್ನು ತೆಗೆದುಕೊಳ್ಳುತ್ತಿತ್ತು, ಈಗ 5%ರ ಆಸುಪಾಸು. ಅಲ್ಲಿಯ ಓದು ಆಗಲೂ ಕಷ್ಟ, ಈಗಲೂ ಕಷ್ಟ. ಬದಲಾದದ್ದು ಬಾಗಿಲಲ್ಲಿ ನಿಂತವರ ಸಂಖ್ಯೆ.

ಚಿಕ್ಕ, ಮಧ್ಯಮ ಕಾಲೇಜುಗಳ ಕಥೆ ಬೇರೆ. 2008ರ ಆರ್ಥಿಕ ಕುಸಿತದ ನಂತರ ಈ ದೇಶದಲ್ಲಿ ಹುಟ್ಟುವ ಮಕ್ಕಳ ಸಂಖ್ಯೆ ಇಳಿಯಿತು. ಆ ಮಕ್ಕಳು ಈಗ ಹೈಸ್ಕೂಲು ಮುಗಿಸುವ ವಯಸ್ಸಿಗೆ ಬಂದಿದ್ದಾರೆ. ಎಷ್ಟೋ ಖಾಸಗಿ ಕಾಲೇಜುಗಳಿಗೆ ಕ್ಲಾಸು ತುಂಬಿಸುವುದೇ ಚಿಂತೆ. ಅವರು ಬನ್ನಿ ಅಂದರೆ ನಿಜವಾಗಿಯೂ ಬನ್ನಿ ಅಂತಲೇ.

ಇನ್ನು ಆ ಪತ್ರಗಳನ್ನು ಟೇಬಲ್ ಮೇಲೆ ಹರಡಿಕೊಂಡು ಒಂದು ಸಲ ನೋಡಿ. ಹೆಸರು ಬಿಟ್ಟರೆ ಅವಳಿಗೆ ಮಾತ್ರ ಸಲ್ಲುವ ಒಂದು ವಾಕ್ಯ ಇದೆಯಾ? ಅವಳ ರೋಬೋಟಿಕ್ಸ್, ಅವಳ ಭರತನಾಟ್ಯ, ಏನಾದರೂ? ಇರುವುದಿಲ್ಲ. ಕಾರ್ಡಿನ ಮೂಲೆಯಲ್ಲಿ ಒಂದು ಕೋಡು, ಕೆಳಗೆ ಅವಳ ಹೆಸರಿನದೇ ಒಂದು ಲಿಂಕು ಇರಬಹುದು. ಅದು ಯಾವ ಪಟ್ಟಿಯಿಂದ ಬಂದವರು ಉತ್ತರ ಕೊಟ್ಟರು ಅಂತ ಅವರು ಲೆಕ್ಕ ಇಡುವುದಕ್ಕೆ. ಆಮೇಲೆ ನೀನು ಆಯ್ಕೆಯಾಗಿದ್ದೀಯ ಅಂತ ಇದ್ದರೆ, ಯಾವುದಕ್ಕೆ ಅಂತ ಪೂರ್ತಿ ಓದಿ. ಬಹಳ ಸಲ ಅದು ಬೇಗ ಅಪ್ಲೈ ಮಾಡುವುದಕ್ಕೆ, ಇಲ್ಲವೇ ಪ್ರಬಂಧ ಇಲ್ಲದ ಫಾರಂ ತುಂಬುವುದಕ್ಕೆ. ಸೀಟಿಗಲ್ಲ.

ಅಡ್ಮಿಶನ್ ಸಿಗುತ್ತದಾ ಅಂತ ನೋಡುವುದು ಹೇಗೆ ಅನ್ನುವುದನ್ನು ಕೆಳಗೆ ಬೇರೆಯಾಗಿ ಬರೆಯುತ್ತೇನೆ, ಈಗ ಮೀಟಿಂಗ್ ಇದೆ.

ಒಹಾಯೊ_ಗೌಡ್ರು

ಮೇಡಂ, ಪೂರ್ತಿ ಒಪ್ಪುವುದಿಲ್ಲ. ನಮ್ಮ ಮಗ ಸೇರಿದ್ದೇ ಪತ್ರ ಕಳಿಸಿದ ಕಾಲೇಜಿಗೆ. ನಾವು ಆ ಹೆಸರನ್ನೇ ಕೇಳಿರಲಿಲ್ಲ. ಹೋಗಿ ನೋಡಿದೆವು, ಇಷ್ಟವಾಯಿತು, ಒಳ್ಳೆಯ ಸ್ಕಾಲರ್‌ಶಿಪ್ ಕೊಟ್ಟರು, ಖುಷಿಯಾಗಿ ಓದುತ್ತಿದ್ದಾನೆ. ಎಲ್ಲಾ ಕಾಗದವನ್ನೂ ಕಸದ ಡಬ್ಬಿಗೆ ಹಾಕಿ ಅಂದರೆ ಇಂಥದ್ದೂ ತಪ್ಪಿಹೋಗುತ್ತದೆ. ನಮ್ಮ ಜನ ಹದಿನೈದು ಹೆಸರು ಹಿಡಿದುಕೊಂಡು ಕೂತುಬಿಡುತ್ತಾರೆ, ಅದೂ ಸರಿಯಲ್ಲ ಅಲ್ವಾ?

ಮಲೆನಾಡು_ಟು_ಜೆರ್ಸಿ

ಗೌಡ್ರೇ, ನೀವು ಹೇಳಿದ್ದು ಖಂಡಿತ ಸರಿ. ಅರ್ಧಕ್ಕಿಂತ ಜಾಸ್ತಿ ಮಕ್ಕಳನ್ನು ತೆಗೆದುಕೊಳ್ಳುವ ಕಾಲೇಜು ಬನ್ನಿ ಅಂದರೆ ಆ ಮಾತಿಗೆ ತೂಕ ಇದೆ. ನೂರಕ್ಕೆ ನಾಲ್ಕೈದು ಮಂದಿಯನ್ನು ಮಾತ್ರ ತೆಗೆದುಕೊಳ್ಳುವವರು ಅದೇ ಮಾತು ಹೇಳಿದರೆ ಇಲ್ಲ. ಆದ್ದರಿಂದ ಪತ್ರ ಬಂದ ಕೂಡಲೇ ಆ ಕಾಲೇಜಿನ ಅಡ್ಮಿಶನ್ ಪ್ರಮಾಣ ನೋಡಬೇಕು.

ನಿಜವಾಗಿ ಸೀಟು ಕೊಡುವ ಪತ್ರಗಳೂ ಇವೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಡೈರೆಕ್ಟ್ ಅಡ್ಮಿಶನ್ ಅಂತ. ಐಡಾಹೊ ರಾಜ್ಯ 2015ರಲ್ಲಿ ಶುರು ಮಾಡಿತು, ಈಗ ಬೇರೆ ರಾಜ್ಯಗಳಲ್ಲೂ ಇದೆ, ಕಾಮನ್ ಆ್ಯಪ್ (ಒಂದೇ ಫಾರಂನಲ್ಲಿ ಹಲವು ಕಾಲೇಜುಗಳಿಗೆ ಅಪ್ಲೈ ಮಾಡುವ ವೆಬ್‌ಸೈಟು) ಮೂಲಕವೂ ಬರುತ್ತದೆ. ಇದರಲ್ಲಿ ನಿನಗೆ ಅಡ್ಮಿಶನ್ ಕೊಟ್ಟಿದ್ದೇವೆ ಅಂತ ನೇರವಾಗಿಯೇ ಇರುತ್ತದೆ. ಅಂಥದ್ದು ಬಂದರೆ ಎಸೆಯಬೇಡಿ.

ಇನ್ನು ನನ್ನ ಬಾಕಿ ಉತ್ತರ. ಪ್ಲೇನೋ ಅಮ್ಮ, ಕಾಲೇಜಿನ ಹೆಸರಿನ ಜೊತೆ ಕಾಮನ್ ಡೇಟಾ ಸೆಟ್ ಅಂತ ಹುಡುಕಿ. ಬಹಳಷ್ಟು ಕಾಲೇಜುಗಳು ಪ್ರತಿ ವರ್ಷ ಒಂದೇ ನಮೂನೆಯಲ್ಲಿ ಇದನ್ನು ಹಾಕುತ್ತವೆ. ನೋಡುವುದಕ್ಕೆ ಸರ್ಕಾರಿ ಫಾರಂ ಥರ ಇದೆ, ಬಣ್ಣ ಇಲ್ಲ, ಚಿತ್ರ ಇಲ್ಲ, ಆದರೆ ನಿಮಗೆ ಬೇಕಾದದ್ದು ಇರುವುದು ಅಲ್ಲೇ. ಸಿ1ರಲ್ಲಿ ಎಷ್ಟು ಮಂದಿ ಅಪ್ಲೈ ಮಾಡಿದರು, ಎಷ್ಟು ಮಂದಿಗೆ ಸಿಕ್ಕಿತು, ಎಷ್ಟು ಮಂದಿ ಸೇರಿದರು ಅಂತ ಇದೆ, ಹುಡುಗರು ಹುಡುಗಿಯರು ಬೇರೆ ಬೇರೆಯಾಗಿ. ಸಿ9ರಲ್ಲಿ ಸೇರಿದ ಮಕ್ಕಳ ಎಸ್‌ಎಟಿ, ಕೆಳಗಿನ 25% ಎಲ್ಲಿಗೆ ನಿಲ್ಲುತ್ತದೆ, ಮೇಲಿನ 25% ಎಲ್ಲಿಂದ ಶುರು. ಇಲ್ಲಿ ಒಂದು ಎಚ್ಚರಿಕೆ. ಸ್ಕೋರು ಕೊಡುವುದು ಕಡ್ಡಾಯ ಅಲ್ಲದ ಕಾಲೇಜಿನಲ್ಲಿ ಜಾಸ್ತಿ ಬಂದವರು ಮಾತ್ರ ಕೊಟ್ಟಿರುತ್ತಾರೆ, ಅದಕ್ಕೆ ಆ ಅಂಕಿ ಮೇಲಕ್ಕೆ ಹೋಗಿರುತ್ತದೆ. ಎಷ್ಟು ಶೇಕಡಾ ಮಕ್ಕಳು ಸ್ಕೋರು ಕೊಟ್ಟಿದ್ದಾರೆ ಅಂತ ಪಕ್ಕದಲ್ಲೇ ಇರುತ್ತದೆ, ಅದನ್ನೂ ನೋಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಿ7. ಯಾವುದಕ್ಕೆ ಎಷ್ಟು ಬೆಲೆ ಅಂತ ಕಾಲೇಜೇ ಟಿಕ್ ಹಾಕಿ ಹೇಳುತ್ತದೆ. ಮಾರ್ಕ್ಸ್, ತೆಗೆದುಕೊಂಡ ವಿಷಯಗಳು, ಪ್ರಬಂಧ, ಶಿಫಾರಸು ಪತ್ರ, ಅಪ್ಪ ಅಮ್ಮ ಅಲ್ಲೇ ಓದಿದ್ದಾರಾ, ಅದೇ ರಾಜ್ಯದವರಾ, ಎಲ್ಲಾ. ಆ ಪಟ್ಟಿಯ ಕೊನೆಯ ಕಡೆ ಅಪ್ಲೈ ಮಾಡಿದವರ ಆಸಕ್ತಿ ಅಂತ ಒಂದು ಸಾಲು ಇದೆ. ಹಾರ್ವರ್ಡ್, ಎಂಐಟಿ, ಸ್ಟ್ಯಾನ್‌ಫರ್ಡ್ ಅದನ್ನು ಪರಿಗಣಿಸುವುದಿಲ್ಲ ಅಂತಲೇ ಹೇಳಿವೆ. ಅವರ ಈಮೇಲ್ ತೆರೆದರೂ ಬಿಟ್ಟರೂ ಒಂದೇ. ಆದರೆ ಎಷ್ಟೋ ಖಾಸಗಿ ಕಾಲೇಜುಗಳು ಪರಿಗಣಿಸುತ್ತವೆ. ಈಮೇಲ್ ತೆರೆದರಾ, ಲಿಂಕ್ ಒತ್ತಿದರಾ, ಆನ್‌ಲೈನ್ ಮೀಟಿಂಗ್‌ಗೆ ಬಂದರಾ ಅಂತ ನೋಡುವವರೂ ಇದ್ದಾರೆ. ಮಗಳಿಗೆ ನಿಜವಾಗಿ ಇಷ್ಟವಾದ ಕಾಲೇಜಿನ ಸಿ7ರಲ್ಲಿ ಆ ಸಾಲಿಗೆ ಟಿಕ್ ಇದ್ದರೆ, ಅವರ ಈಮೇಲ್‌ಗಳನ್ನು ತೆರೆಯಲಿ, ಕಾಲೇಜಿಗೆ ಒಂದು ಸಲ ಹೋಗಿಬನ್ನಿ.

ಕೊನೆಯದಾಗಿ ನಿಮ್ಮ ಶಾಲೆಯ ಕೌನ್ಸೆಲರ್‌ಗೆ ನಾವಿಯಾನ್ಸ್ ಅಥವಾ ಸ್ಕೋಯರ್ ಅನ್ನುವ ಸಾಫ್ಟ್‌ವೇರ್ ಇದೆಯಾ ಕೇಳಿ. ಅದೇ ಶಾಲೆಯಿಂದ ಹಿಂದಿನ ವರ್ಷಗಳಲ್ಲಿ ಯಾವ ಮಾರ್ಕ್ಸಿಗೆ ಎಲ್ಲಿ ಸಿಕ್ಕಿತು, ಎಲ್ಲಿ ಸಿಗಲಿಲ್ಲ ಅಂತ ಚುಕ್ಕಿ ಹಾಕಿ ತೋರಿಸುತ್ತದೆ. ದೇಶದ ಸರಾಸರಿಗಿಂತ ಅದು ಎಷ್ಟೋ ಪಾಲು ಮೇಲು.

ಧಾರವಾಡ_ಮಾಸ್ತರ

ನಾನು ನಿವೃತ್ತ ಶಿಕ್ಷಕ, ಮೊಮ್ಮಕ್ಕಳು ಅಮೆರಿಕದಲ್ಲಿದ್ದಾರೆ. ಒಂದು ಸಂಶಯ ಕೇಳುತ್ತೇನೆ. ನಮ್ಮಲ್ಲಿ ಕೆಇಎ ಕಳೆದ ವರ್ಷದ ಕಟ್-ಆಫ್ ರ್‍ಯಾಂಕ್ ಹಾಕುತ್ತದೆ. ನನ್ನ ರ್‍ಯಾಂಕ್ ಇಷ್ಟು, ಈ ಕಾಲೇಜು ಸಿಗುತ್ತದೆ, ಇದು ಸಿಗುವುದಿಲ್ಲ ಅಂತ ಹುಡುಗನೇ ಹೇಳುತ್ತಾನೆ. ಪಿಯುಸಿ ಮುಗಿದ ಕೂಡಲೇ ಮ್ಯಾನೇಜ್‌ಮೆಂಟ್ ಸೀಟಿನವರು ಫೋನ್ ಮಾಡುತ್ತಲೇ ಇರುತ್ತಾರೆ, ಅದಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ಅಲ್ಲಿ ಇಷ್ಟು ಮಾರ್ಕ್ಸಿಗೆ ಸೀಟು ಅಂತ ಹೇಳುವುದಕ್ಕೆ ಯಾಕೆ ಆಗುವುದಿಲ್ಲ? ಮಕ್ಕಳು ವರ್ಷಗಟ್ಟಲೆ ಒದ್ದಾಡುವುದು ಅನ್ಯಾಯ ಅನ್ನಿಸುತ್ತದೆ.

ಮಲೆನಾಡು_ಟು_ಜೆರ್ಸಿ

ಮಾಸ್ತರ್, ನನಗೂ ಅದು ಅನ್ಯಾಯ ಅಂತಲೇ ಅನ್ನಿಸುತ್ತದೆ. ಆದರೆ ಕೆಲವು ಕಡೆ ಸಾಲು ಎಳೆದು ಹೇಳುತ್ತಾರೆ. ಟೆಕ್ಸಸ್‌ನಲ್ಲೇ 1997ರಲ್ಲಿ ಕಾನೂನು ಬಂತು, ಹೈಸ್ಕೂಲಿನಲ್ಲಿ ಟಾಪ್ 10%ನಲ್ಲಿದ್ದರೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಸೀಟು ಖಾತ್ರಿ. ಯುಟಿ ಆಸ್ಟಿನ್‌ಗೆ (ಯೂನಿವರ್ಸಿಟಿ ಆಫ್ ಟೆಕ್ಸಸ್‌ನ ಆಸ್ಟಿನ್ ಕ್ಯಾಂಪಸ್) ಮಾತ್ರ ಮಿತಿ ಬಿಗಿ, 2026ರ ಫಾಲ್‌ನಿಂದ ಟಾಪ್ 5%. ಅಂದರೆ ಪ್ಲೇನೋ ಅಮ್ಮ, ನಿಮ್ಮ ಮಗಳಿಗೆ ಆಸ್ಟಿನ್ ಖಾತ್ರಿ ಇಲ್ಲ, ಎಲ್ಲಾ ನೋಡಿ ನಿರ್ಧಾರ ಮಾಡುತ್ತಾರೆ. ಆದರೆ ಟಾಪ್ 8%ನಲ್ಲೇ ಉಳಿದರೆ ಟೆಕ್ಸಸ್ ಎ ಅಂಡ್ ಎಂ, ಮನೆ ಹತ್ತಿರದ ಯುಟಿ ಡಲ್ಲಾಸ್ ಎರಡರಲ್ಲೂ ಈ ಕಾನೂನಿನಿಂದಲೇ ಅಡ್ಮಿಶನ್ ಇದೆ. ಇದನ್ನು ಹೇಳುವುದಕ್ಕೆ ಯಾವ ಬಣ್ಣದ ಪುಸ್ತಕವೂ ಬರುವುದಿಲ್ಲ, ಮನೆಯವರೇ ತಿಳಿದುಕೊಳ್ಳಬೇಕು.

ಇಲಿನಾಯ್_ಸೆಕೆಂಡ್‌ಇಯರ್

ಆಂಟಿ, ನಾನು ಇಲಿನಾಯ್ ಯೂನಿವರ್ಸಿಟಿಯ ಅರ್ಬಾನಾ-ಶಾಂಪೇನ್‌ ಕ್ಯಾಂಪಸ್‌ನಲ್ಲಿ ಎರಡನೇ ವರ್ಷ ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದೇನೆ. ಕಂಪ್ಯೂಟರ್ ಸೈನ್ಸ್ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮೇಲಿನವರು ಹೇಳಿದ ಕಾಮನ್ ಡೇಟಾ ಸೆಟ್‌ನಲ್ಲಿ ಇರುವುದು ಇಡೀ ಯೂನಿವರ್ಸಿಟಿಯ ಲೆಕ್ಕ. ನಮ್ಮ ಯೂನಿವರ್ಸಿಟಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಟ್ಟು ಲೆಕ್ಕ 40%ಗಿಂತ ಮೇಲಿತ್ತು, ಅದೇ ಕಂಪ್ಯೂಟರ್ ಸೈನ್ಸ್‌ಗೆ 10% ಕೂಡ ಇರಲಿಲ್ಲ. ಒಟ್ಟು ಲೆಕ್ಕ ನೋಡಿ ಇದು ಸುಲಭ ಅಂದುಕೊಂಡು ಅಪ್ಲೈ ಮಾಡಿ ಆಮೇಲೆ ಅತ್ತವರು ನನ್ನ ಕ್ಲಾಸಿನಲ್ಲೇ ಇದ್ದರು. ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಕೂಡ ಹಾಗೇ. ಹೊರ ರಾಜ್ಯದವರಿಗೆ ಅಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವುದು ತುಂಬಾನೇ ಕಷ್ಟ.

ಬೇರೆ ಮೇಜರ್‌ಗೆ (ಮುಖ್ಯ ವಿಷಯಕ್ಕೆ) ಸೇರಿ ಆಮೇಲೆ ಸಿಎಸ್‌ಗೆ ಬದಲಾಯಿಸಿಕೊಳ್ಳೋಣ ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಬಹಳ ಕಡೆ ಆ ದಾರಿ ಮುಚ್ಚಿದೆ ಅಥವಾ ತುಂಬಾ ಕಿರಿದು. ಸೇರುವ ಮೊದಲೇ ಡಿಪಾರ್ಟ್‌ಮೆಂಟಿನ ವೆಬ್‌ಸೈಟಿನಲ್ಲಿ ಮೇಜರ್ ಬದಲಾಯಿಸುವ ನಿಯಮ ಓದಿಕೊಳ್ಳಿ. ಯುಟಿ ಆಸ್ಟಿನ್‌ನಲ್ಲೂ ಆಟೋಮ್ಯಾಟಿಕ್ ಅಡ್ಮಿಶನ್ ಇದ್ದವರಿಗೂ ಸಿಎಸ್ ಸಿಗಲೇಬೇಕು ಅಂತ ಇಲ್ಲ, ಯೂನಿವರ್ಸಿಟಿ ಸಿಗುತ್ತದೆ ಅಷ್ಟೇ.

ಇನ್ನೊಂದು ಮಾತು ಹೇಳಲಾ? ಹನ್ನೊಂದನೇ ಕ್ಲಾಸಿನಲ್ಲಿ ಆ ಪತ್ರಗಳು ಬಂದಾಗ ನಿಜವಾಗಿಯೂ ನಮ್ಮನ್ನು ಯಾರೋ ಗುರುತಿಸಿದರು ಅನ್ನಿಸುತ್ತದೆ. ಮನೆಯಲ್ಲಿ ಏಕ್‌ದಮ್ ಅದೆಲ್ಲಾ ಸುಳ್ಳು ಅಂದುಬಿಟ್ಟರೆ ಬೇಜಾರಾಗುತ್ತದೆ. ಅವಳ ಜೊತೆ ಕೂತು ಲೆಕ್ಕ ತೋರಿಸಿ, ಅವಳೇ ಅರ್ಥ ಮಾಡಿಕೊಳ್ಳುತ್ತಾಳೆ.

ಸಿಯಾಟಲ್_ಎಚ್1ಬಿ

ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲದ ಮನೆಗಳಿಗೆ ಒಂದು ಮಾತು. ಪತ್ರಗಳಲ್ಲಿ ಸರ್ಕಾರದ ಸಹಾಯಧನ, ಅದಕ್ಕೆ ತುಂಬುವ ಎಫ್‌ಎಎಫ್‌ಎಸ್‌ಎ ಫಾರಂ ಅಂತ ಇರುತ್ತದೆ. ಎಚ್4 ವೀಸಾದಲ್ಲಿರುವ (ಎಚ್1ಬಿ ಕೆಲಸದ ವೀಸಾದವರ) ಮಕ್ಕಳಿಗೆ ಆ ಸಹಾಯಧನ ಸಿಗುವುದಿಲ್ಲ. ಪಿಎಸ್‌ಎಟಿ ಸ್ಕೋರಿನ ಮೇಲೆ ಶುರುವಾಗುವ ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್ ಕೂಡ ಗ್ರೀನ್ ಕಾರ್ಡಿಗೆ ಇನ್ನೂ ಅರ್ಜಿ ಹಾಕಿರದ ಎಚ್4 ಮಕ್ಕಳಿಗೆ ಇಲ್ಲ. ಇಲ್ಲೇ ಕಿಂಡರ್‌ಗಾರ್ಟನ್‌ನಿಂದ ಓದಿದ ಮಗುವನ್ನೂ ಕೆಲವು ಕಾಲೇಜುಗಳು ವಿದೇಶಿ ವಿದ್ಯಾರ್ಥಿ ಅಂತಲೇ ಲೆಕ್ಕ ಹಾಕುತ್ತವೆ. ಪ್ರತಿ ಕಾಲೇಜಿನ ಅಡ್ಮಿಶನ್ ಆಫೀಸಿಗೂ ಈಮೇಲ್ ಮಾಡಿ ಕೇಳಿ, ಬರಹದಲ್ಲಿ ಉತ್ತರ ಇಟ್ಟುಕೊಳ್ಳಿ. ಮಕ್ಕಳಿಗೆ ಈ ವಿಷಯ ಕೊನೆಯ ಗಳಿಗೆಯಲ್ಲಿ ತಿಳಿಯಬಾರದು, ತುಂಬಾ ನೋವಾಗುತ್ತದೆ.

ಪ್ಲೇನೋ_ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ನಮಗೆ ಗ್ರೀನ್ ಕಾರ್ಡ್ ಬಂದಿದೆ, ಆ ಚಿಂತೆ ಇಲ್ಲ. ನಿನ್ನೆ ರಾತ್ರಿ ಮಗಳ ಜೊತೆ ಕೂತು ಸಿ1, ಸಿ7, ಸಿ9 ನೋಡಿದೆವು. ಅವಳೇ ಎಕ್ಸೆಲ್‌ನಲ್ಲಿ ಹಾಕಿಕೊಂಡಳು. ಅತ್ತೆಗೂ ಫೋನಿನಲ್ಲಿ ಸಮಾಧಾನವಾಗಿ ಹೇಳಿದ್ದೇವೆ.

ಇನ್ನೆರಡು ಕೇಳಬೇಕು. ಒಂದು ಕಾಲೇಜು ವರ್ಷಕ್ಕೆ 25,000 ಡಾಲರ್ ಸ್ಕಾಲರ್‌ಶಿಪ್ ಕೊಡುತ್ತೇವೆ ಅಂತ ಬರೆದಿದೆ. ಆಮೇಲೆ ಲೀಡರ್‌ಶಿಪ್ ಕ್ಯಾಂಪ್‌ಗೆ ನಿನ್ನ ಹೆಸರು ನಾಮಿನೇಟ್ ಆಗಿದೆ ಅಂತ ಒಂದು ಕಂಪನಿಯಿಂದ ಬಂದಿದೆ, ದೊಡ್ಡ ಯೂನಿವರ್ಸಿಟಿ ಕ್ಯಾಂಪಸ್‌ನಲ್ಲೇ ನಡೆಯುತ್ತದಂತೆ, ಸಾವಿರಾರು ಡಾಲರ್ ಫೀ. ಹೋದರೆ ಆ ಯೂನಿವರ್ಸಿಟಿಗೆ ಸೇರುವುದಕ್ಕೆ ಅನುಕೂಲ ಆಗುತ್ತದಾ?

ಬೇಏರಿಯಾ_ಅಪ್ಪ

ಕ್ಯಾಂಪ್‌ಗೆ ದುಡ್ಡು ಹಾಕಬೇಡಿ. ಕ್ಯಾಂಪಸ್ ಬಾಡಿಗೆಗೆ ತೆಗೆದುಕೊಂಡು ನಡೆಸುವ ಕ್ಯಾಂಪ್‌ಗಳಿಗೂ ಯೂನಿವರ್ಸಿಟಿಯ ಅಡ್ಮಿಶನ್ ಆಫೀಸಿಗೂ ಏನೂ ಸಂಬಂಧ ಇರುವುದಿಲ್ಲ. ನಿಜವಾಗಿ ಬೆಲೆ ಇರುವ ಕಾರ್ಯಕ್ರಮಗಳಿಗೆ ಮಕ್ಕಳೇ ಅಪ್ಲೈ ಮಾಡಬೇಕು, ಸಿಗುವುದು ಕಷ್ಟ. ಎಂಐಟಿಯಲ್ಲಿ ನಡೆಯುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್‌ಗೆ ಆಯ್ಕೆಯಾದವರಿಗೆ ಫೀ ಇಲ್ಲವೇ ಇಲ್ಲ. ಮಗಳಿಗೆ ಬೇಸಿಗೆಯಲ್ಲಿ ಏನಾದರೂ ಮಾಡಬೇಕು ಅಂತ ಇದ್ದರೆ ಪಕ್ಕದ ಲೈಬ್ರರಿಯಲ್ಲಿ ಚಿಕ್ಕ ಮಕ್ಕಳಿಗೆ ಕೋಡಿಂಗ್ ಹೇಳಿಕೊಡಲಿ, ಇಲ್ಲ ಒಂದು ಕೆಲಸ ಮಾಡಲಿ.

ಒಹಾಯೊ_ಗೌಡ್ರು

ಸ್ಕಾಲರ್‌ಶಿಪ್ ವಿಷಯ ನಾನು ಹೇಳುತ್ತೇನೆ, ಅನುಭವ ಇದೆ. 25,000 ಕೊಡುತ್ತಾರೆ ಸರಿ, ಉಳಿದದ್ದು ಎಷ್ಟು ಅಂತ ನೋಡಿ. ಒಟ್ಟು ಖರ್ಚು 75,000 ಇದ್ದರೆ ನಿಮ್ಮ ಕೈಯಿಂದ ವರ್ಷಕ್ಕೆ 50,000. ಸ್ಕಾಲರ್‌ಶಿಪ್ ಇಲ್ಲದೇ ಯುಟಿ ಡಲ್ಲಾಸ್‌ಗೆ ಮನೆಯಿಂದ ಓಡಾಡಿದರೆ ಅದಕ್ಕಿಂತ ಎಷ್ಟೋ ಕಡಿಮೆ. ಖಾಸಗಿ ಕಾಲೇಜುಗಳು ಬೋರ್ಡಿನ ಮೇಲಿನ ಫೀಯನ್ನು ಪೂರ್ತಿ ತೆಗೆದುಕೊಳ್ಳುವುದೇ ಕಡಿಮೆ, ಮೊದಲ ವರ್ಷದವರಿಗೆ ಸರಾಸರಿ ಅರ್ಧಕ್ಕಿಂತ ಜಾಸ್ತಿ ರಿಯಾಯಿತಿ ಕೊಡುತ್ತಾರೆ. ಹಾಗಾಗಿ ಆ ಮೊತ್ತ ನೋಡಿ ನಮ್ಮ ಮಗುವನ್ನೇ ವಿಶೇಷವಾಗಿ ಆರಿಸಿದ್ದಾರೆ ಅಂದುಕೊಳ್ಳಬೇಡಿ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರಲೇಬೇಕು, 2011ರಿಂದ ಅದು ಕಾನೂನು. ನಿಮ್ಮ ಆದಾಯ ಹಾಕಿ, ನಿಮಗೆ ಎಷ್ಟು ಬೀಳುತ್ತದೆ ಅಂತ ಸುಮಾರಾಗಿ ತೋರಿಸುತ್ತದೆ. ಆಮೇಲೆ ಸ್ಕಾಲರ್‌ಶಿಪ್ ನಾಲ್ಕು ವರ್ಷಕ್ಕೂ ಇದೆಯಾ, ಉಳಿಸಿಕೊಳ್ಳುವುದಕ್ಕೆ ಎಷ್ಟು ಜಿಪಿಎ ಬೇಕು, ಇದನ್ನು ಕೇಳದೇ ಬಿಡಬೇಡಿ.

ಮಲೆನಾಡು_ಟು_ಜೆರ್ಸಿ

ಗೌಡ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೆಲವು ಪತ್ರಗಳು ಅರ್ಲಿ ಡಿಸಿಷನ್‌ನಲ್ಲಿ ಅಪ್ಲೈ ಮಾಡು, ಅವಕಾಶ ಜಾಸ್ತಿ ಅಂತ ಒತ್ತಾಯ ಮಾಡುತ್ತವೆ. ಅದರಲ್ಲಿ ಸಿಕ್ಕಿದರೆ ಸೇರಲೇಬೇಕು ಅಂತ ಒಪ್ಪಂದ. ಬೇರೆ ಕಾಲೇಜಿನ ಸ್ಕಾಲರ್‌ಶಿಪ್ ಜೊತೆ ಹೋಲಿಸಿ ನೋಡುವ ಅವಕಾಶ ಹೋಗುತ್ತದೆ. ಖರ್ಚಿನ ಲೆಕ್ಕ ಮೊದಲೇ ಸರಿಹೋದರೆ ಮಾತ್ರ ಆ ದಾರಿ ಹಿಡಿಯಿರಿ. ಅರ್ಲಿ ಆ್ಯಕ್ಷನ್ ಬೇರೆ, ಅದರಲ್ಲಿ ಕಟ್ಟುಪಾಡು ಇಲ್ಲ.

ನಿಮ್ಮ ಮಗಳ ಎಕ್ಸೆಲ್‌ನಲ್ಲಿ ಇನ್ನು ಎರಡು ಕಾಲಂ ಸೇರಿಸಿ: ಕಂಪ್ಯೂಟರ್ ಸೈನ್ಸ್‌ಗೆ ಬೇರೆ ಪ್ರಮಾಣ ಇದೆಯಾ, ನಮಗೆ ವರ್ಷಕ್ಕೆ ಎಷ್ಟು ಖರ್ಚು. ಎ ಅಂಡ್ ಎಂ, ಯುಟಿ ಡಲ್ಲಾಸ್ ಪಟ್ಟಿಯಲ್ಲಿ ಇರಲಿ. ಆದರೆ ಎ ಅಂಡ್ ಎಂನಲ್ಲಿ ಕಂಪ್ಯೂಟರ್ ಸೈನ್ಸ್ ಬೇಕು ಅನ್ನುವವರೂ ಮೊದಲು ಜನರಲ್ ಇಂಜಿನಿಯರಿಂಗ್‌ಗೆ ಸೇರಿ, ಮೊದಲ ವರ್ಷದ ಮಾರ್ಕ್ಸ್ ಮೇಲೆ ಮೇಜರ್ ತೆಗೆದುಕೊಳ್ಳಬೇಕು. ಅದನ್ನು ಅವಳಿಗೆ ಈಗಲೇ ಹೇಳಿ. ಆಸ್ಟಿನ್‌ಗೂ ಹಾಕಲಿ, ಹಾರ್ವರ್ಡ್ ಬೇಕು ಅಂದರೆ ಅದಕ್ಕೂ ಒಂದು ಹಾಕಲಿ, ತಡೆಯಬೇಡಿ.

ಪ್ಲೇನೋ_ಅಮ್ಮ

ಸರಿ ಮೇಡಂ, ಹಾಗೇ ಮಾಡುತ್ತೇವೆ. ಮೇ ತಿಂಗಳಲ್ಲಿ ಎಸ್‌ಎಟಿಗೆ ಕಟ್ಟಿದ್ದೇವೆ. ಆಸ್ಟಿನ್‌ಗೆ ಯಾವಾಗ ಕಳಿಸಬೇಕು?

ಮಲೆನಾಡು_ಟು_ಜೆರ್ಸಿ

ಆಸ್ಟಿನ್‌ಗೆ ಈಗ ಅರ್ಲಿ ಆ್ಯಕ್ಷನ್ ಇದೆ, ಅಕ್ಟೋಬರ್ 15. ತಪ್ಪಿದರೆ ಡಿಸೆಂಬರ್ 1. ಎಸ್‌ಎಟಿ ಅಲ್ಲಿ ಕಡ್ಡಾಯ. ಮೇನಲ್ಲಿ ಅಂದುಕೊಂಡಷ್ಟು ಬರದಿದ್ದರೆ ಆಗಸ್ಟ್‌ನಲ್ಲಿ ಇನ್ನೊಂದು ಸಲ ಬರೆಯುವುದಕ್ಕೆ ಸಮಯ ಇರುತ್ತದೆ. ಕೌನ್ಸೆಲರ್‌ಗೆ ಮತ್ತು ಶಿಫಾರಸು ಬರೆಯುವ ಟೀಚರ್‌ಗೆ ಈ ವರ್ಷ ಶಾಲೆ ಮುಗಿಯುವ ಮೊದಲೇ ಕೇಳಿಕೊಳ್ಳಲಿ, ಸೆಪ್ಟೆಂಬರ್‌ನಲ್ಲಿ ಅವರ ಮುಂದೆ ದೊಡ್ಡ ಸಾಲು ಇರುತ್ತದೆ.